ಬಾಯಿ ಮುಚ್ಚಿ ನೋಡಿದ ಕಾಳಗ

ಅದು ಶುರುವಾದದ್ದು ಹುಣಸೆ ಬಡಿಯುವ ಕಾಲದಲ್ಲಿ, ದನಗಳು ಕೊಟ್ಟಿಗೆಗೆ ತಿರುಗುವ ಹೊತ್ತಿಗೆ. ನಾನು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಪಕ್ಕದ ಮನೆಯ ಹೊಂಬಮ್ಮ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತಳು. ಕೂತವಳು ತಾನೂ ಒಂದು ಹಿಡಿ ಹಣ್ಣು ಎಳೆದುಕೊಂಡು ಬಿಡಿಸತೊಡಗಿದಳು. ಅವಳು ಬೀಜವನ್ನು ಹಣ್ಣಿನ ಗುಡ್ಡೆಗೂ ಹಣ್ಣನ್ನು ಬೀಜದ ಗುಡ್ಡೆಗೂ ಹಾಕುತ್ತಿದ್ದುದನ್ನು ನೋಡಿ ನಾನೇ ಕೇಳಿದೆ, ಏನಾಯಿತವ್ವ ಎಂದು.

"ಮತ್ತೆ ವೀಳ್ಯ ಹಿಡಿದುಬಿಟ್ಟ ದೊಡ್ಡವ್ವ," ಎಂದಳು.

ಅವಳು ಹೇಳಿದ್ದು ಗಂಡನ ವಿಷಯ. ಅವಳ ಗಂಡ ಬೆಟ್ಟಯ್ಯ ನಮ್ಮೂರಿನ ಮುಷ್ಟಿಕಾಳಗದ ಪೈಲ್ವಾನ. ಗರಡಿಯ ಉಸ್ತಾದ ರಾಚಪ್ಪ ತಟ್ಟೆಯಲ್ಲಿ ವೀಳ್ಯ ತಂದು ಮುಂದೆ ಹಿಡಿದರೆ ಕಾಳಗಕ್ಕೆ ಕರೆ ಬಂತು ಎಂದು. ಅದನ್ನು ತೆಗೆದು ಬಾಯಿಗೆ ಹಾಕಿಕೊಂಡರೆ ಒಪ್ಪಿದ ಎಂದು. ಹಾಕಿಕೊಂಡ ವೀಳ್ಯವನ್ನು ಉಗುಳಿದ ಪೈಲ್ವಾನ ನಮ್ಮೂರಲ್ಲಿ ಇಲ್ಲಿಯವರೆಗೆ ಹುಟ್ಟಿಲ್ಲ.

ನಮ್ಮೂರಲ್ಲಿ ಪೈಲ್ವಾನನ ತಲೆಗೆ ಜೋರು ಪೆಟ್ಟು ಬಿದ್ದರೆ ಅವನ ನೆನಪು ಒಂದು ಉದುರುತ್ತದೆ. ಉದುರಿದ್ದು ಮಣ್ಣಿಗೆ ಹೋಗುವುದಿಲ್ಲ. ಕಾಳಗ ನೋಡುತ್ತ ಖುಷಿಯಲ್ಲಿ ಬಾಯಿ ತೆರೆದವರಿರುತ್ತಾರಲ್ಲ, ಅವರಲ್ಲಿ ಒಬ್ಬರ ಒಳಕ್ಕೆ ಹೋಗುತ್ತದೆ. ಎಲ್ಲ ಊರಲ್ಲೂ ಹೀಗೇ ಎಂದು, ಪರವೂರಿನ ಗಂಡ ನಮ್ಮನೆಗೆ ಅಳಿಯನಾಗಿ ಬಂದು ಅಲ್ಲ ಎನ್ನುವ ತನಕ ನಾನು ತಿಳಿದಿದ್ದೆ. ಎಣ್ಣೆಗಾಣದ ವೀರಭದ್ರಯ್ಯ ಮೊಣಕಾಲುದ್ದದ ನೀರಿಗಿಳಿಯಲೂ ಹೆದರುತ್ತಾನೆ. ಆದರೆ ಕೋಡಿ ಬಿದ್ದ ಕೆರೆಯನ್ನು ಈಜಿ ದಾಟಿದ ನೆನಪು ಅವನಲ್ಲಿದೆ. ಮದುವೆಮನೆಗಳಲ್ಲಿ ಕೂತು ಅದನ್ನು ತನ್ನದೇ ಎನ್ನುವಂತೆ ಹೇಳುತ್ತಾನೆ. ಅದು ಬೆಟ್ಟಯ್ಯನದು. ನಮ್ಮೂರ ಡಾಕ್ಟರ ಹತ್ತಿರ, ಬೆಟ್ಟಯ್ಯ ಮೊದಲ ಸಲ ರೈಲು ನೋಡಿ ಓಡಿದ ನೆನಪು ಇದೆ. ನನ್ನ ಹತ್ತಿರವೂ ಒಂದಿದೆ. ಸೀಗೆಕಾಯಿ ಹಾಕಿ ತಲೆ ತೊಳೆದು, ಒಲೆ ಮುಂದೆ ಕೂರಿಸಿಕೊಂಡು, ಅವನ ತಾಯಿ ಸೆರಗಿನಿಂದ ಅವನ ಕೂದಲು ಒರೆಸುತ್ತಿದ್ದಾಳೆ. ಅವಳ ಬಲಗೆನ್ನೆಯ ಮೇಲೆ ಹಿಟ್ಟು ಮೆತ್ತಿದೆ. ಆ ಮುಖ ಈಗ ಅವನಿಗಿಲ್ಲ, ನನಗಿದೆ. ಉದುರಿದ ನೆನಪಿನಲ್ಲಿ ಇದ್ದವರ ಗುರುತೂ ಅದರ ಜೊತೆಗೇ ಹೋಗುತ್ತದೆ.

ಹೀಗೆ ಬಂದದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಹಾಗಿಲ್ಲ. ಮಾರನೇ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒಂದು ಉಂಡೆ ಬೆಲ್ಲ ಹಿಡಿದು, ಪೈಲ್ವಾನನ ಮನೆಗೆ ಹೋಗಿ ಹೊಸ್ತಿಲ ಹೊರಗೆ ಕೂತು ಬಂದದ್ದನ್ನು ಬಂದ ಹಾಗೆ ಹೇಳಬೇಕು. ಅವನು ಬೆಲ್ಲ ಕಚ್ಚಿಕೊಂಡು ಕೇಳುತ್ತಾನೆ. ಇದಕ್ಕೆ ಒಪ್ಪಿಸುವುದು ಎಂದು ಹೆಸರು. ಒಪ್ಪಿಸಿದ ಮೇಲೆ ಊರಿಗೆ ಮೈ ಹಗುರ. ತೆಗೆದುಕೊಂಡದ್ದನ್ನು ತಿರುಗಿ ಕೊಟ್ಟೆವಲ್ಲ, ಇನ್ನು ಪಾಪವೆಲ್ಲಿ ಎಂದು ಮಜ್ಜಿಗೆ ಕುಡಿದು ಎದ್ದು ಬರುತ್ತೇವೆ. ಆದರೆ ಕಿವಿಯಿಂದ ಒಳಗೆ ಹೋದದ್ದು ಹಳೆಯ ಜಾಗದಲ್ಲಿ ಕೂರುವುದಿಲ್ಲ. ನಾನು ಒಪ್ಪಿಸಿದ ದಿನ ಬೆಟ್ಟಯ್ಯ ಪೂರ್ತಿ ಕೇಳಿ, ಬೆಲ್ಲದ ಕೈಯನ್ನು ಪಂಚೆಗೆ ಒರೆಸಿಕೊಂಡು, ಆ ತಾಯಿ ಇನ್ನೂ ಬದುಕಿದಾರಾ ದೊಡ್ಡವ್ವ ಎಂದು ಮರ್ಯಾದೆಯಿಂದ ಕೇಳಿದ್ದ.

ಆ ವರ್ಷ ಸುಗ್ಗಿಯ ಕಾಳಗದಲ್ಲಿ ಅವನಿಗೆ ಬಿದ್ದ ಪೆಟ್ಟು ಅಂಥಿಂಥದಲ್ಲ. ಗೆದ್ದಿದ್ದ, ಆದರೆ ಅವತ್ತಿನಿಂದ ಬೆಳಕು ಆಗುತ್ತಿರಲಿಲ್ಲ. ಕಣ್ಣಿಗೆ ಒದ್ದೆ ಬಟ್ಟೆ ಹಾಕಿಕೊಂಡು ಮೂಲೆಯಲ್ಲಿ ಕೂರುತ್ತಿದ್ದ. ನಡೆಯುವಾಗ ಗೋಡೆ ಹಿಡಿಯುತ್ತಿದ್ದ. ಉಂಡದ್ದು ನಿಲ್ಲುತ್ತಿರಲಿಲ್ಲ. ಚೊಂಬು ಬೇಕಾದರೆ ಚೊಂಬು ಎನ್ನುವ ಮಾತೇ ಸಿಗದೆ ಅದು, ಅದು ಎಂದು ಕೈ ತೋರಿಸುತ್ತಿದ್ದ. ಒಂದು ದಿನ ಸೂರಿನಲ್ಲಿ ಗುಬ್ಬಿ ಕೂಗಿತೆಂದು ಕೋಲು ತೆಗೆದುಕೊಂಡು ಹೆಂಚೆಲ್ಲ ಒಡೆದ. ಡಾಕ್ಟರು ಬಂದು ಅವನ ಕಣ್ಣಿಗೆ ದೀಪ ಹಿಡಿದು ನೋಡಿ, ಒಳಗಿನ ಏಟು ಇನ್ನೂ ಆರಿಲ್ಲ, ಆರುವ ಮೊದಲು ಅದರ ಮೇಲೇ ಇನ್ನೊಂದು ಬಿದ್ದರೆ ನೆನಪು ಹೋಗುವುದು ಇರಲಿ, ಮನುಷ್ಯನೇ ಹೋಗಬಹುದು ಎಂದು ಹೇಳಿ ಹೋಗಿದ್ದರು. ಇಷ್ಟಾದ ಮೇಲೂ ಉಸ್ತಾದ ವೀಳ್ಯ ತಂದಿದ್ದ, ಇವನು ಹಿಡಿದಿದ್ದ.

ಯಾಕೆ ಹಿಡಿದೆ ಎಂದು ಹೊಂಬಮ್ಮ ಅವನನ್ನು ಕೇಳಿದ್ದಳಂತೆ. ಅವನು ಸಿಟ್ಟು ಮಾಡಲಿಲ್ಲವಂತೆ. ತಲೆಯೊಳಗೆ ಎಲ್ಲ ಮಂಜು ಮಂಜಾಗಿದೆ, ಕಣದಲ್ಲಿ ನಿಂತಾಗ ಒಂದು ಗಳಿಗೆ ಮಂಜು ಸರಿಯುತ್ತದೆ, ಅಷ್ಟು ಜನ ನನ್ನನ್ನೇ ನೋಡುತ್ತಿರುತ್ತಾರೆ, ಅಲ್ಲಿ ನಾನು ಯಾರು ಅಂತ ನನಗೆ ಗೊತ್ತಿರುತ್ತದೆ ಎಂದನಂತೆ. ಆಮೇಲೆ ಅವಳು ಉಸ್ತಾದನ ಹತ್ತಿರ ಹೋಗಿ ಕಾಲು ಹಿಡಿದಳು. ಪೈಲ್ವಾನನ ಹೆಂಡತಿ ಬೇಡ ಅನ್ನುವುದು ಇದ್ದದ್ದೇ, ನನ್ನ ಹೆಂಡತಿಯೂ ಅಂದಿದ್ದಳು, ನನ್ನ ಅವ್ವನೂ ನಮ್ಮಪ್ಪನಿಗೆ ಅಂದಿದ್ದಳು ಎಂದು ಹೇಳಿ ಅವಳ ಕೈಗೆ ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದ. ಹೆಂಡತಿಯ ಮಾತನ್ನು ಕಣದ ಬಾಗಿಲಾಚೆ ಬಿಡುವುದು ನಮ್ಮೂರಿನ ಹಳೆಯ ರೂಢಿ.

"ತಾಯಿ ಹೋದಳು, ಆಡಿದ ಕೆರೆ ಹೋಯ್ತು, ಜೊತೆಗಾರರು ಹೋದರು," ಎಂದಳು ಹೊಂಬಮ್ಮ, ಹುಣಸೆಬೀಜ ಕೈಯಲ್ಲೇ ಹಿಡಿದುಕೊಂಡು. "ಇನ್ನು ಉದುರೋಕೆ ಉಳಿದಿರೋದು ನಾನು, ಮಾದೇವಿ. ಮತ್ತೇನೈತೆ ಹೇಳು ಅವನ ತಲೇಲಿ?"

ಮಾದೇವಿ ಅವರ ಮಗಳು, ಆಗಿನ್ನೂ ಲಂಗ ಎತ್ತಿಕಟ್ಟಿಕೊಂಡು ಕುಂಟೆಬಿಲ್ಲೆ ಆಡುವ ವಯಸ್ಸು. ಅವಳು ಬೆರೆಸಿದ ಗುಡ್ಡೆಯಿಂದ ನಾನು ಬೀಜ ಹೆಕ್ಕತೊಡಗಿದೆ. ಹೊಂಬಮ್ಮನೇ ಹೇಳಿದಳು. ಬಾಯಿ ತೆರೆದವರಿದ್ದರೆ ತಾನೆ ಉದುರಿದ್ದಕ್ಕೆ ಹೋಗಲು ಜಾಗ? ಊರೆಲ್ಲ ಬಾಯಿ ಮುಚ್ಚಿಕೊಂಡು ನೋಡಿದರೆ? ಹೋಗಲು ಎಲ್ಲೂ ದಾರಿ ಇಲ್ಲದೆ ಅದು ಅವನಲ್ಲೇ ಉಳಿಯುವುದಿಲ್ಲವೆ?

ಅಂಥದ್ದು ನಡೆದದ್ದನ್ನು ನಾನು ಕಂಡಿರಲಿಲ್ಲ. ಬಾಯಿ ಮುಚ್ಚಿಕೊಂಡು ಕಾಳಗ ನೋಡಿದ ಊರನ್ನೂ ಕಂಡಿರಲಿಲ್ಲ. ಆಗಬಹುದೇನೋ ಎಂದೆ.

ಮಾರನೇ ದಿನದಿಂದ ಇಬ್ಬರೂ ಮನೆ ಮನೆ ಹತ್ತಿ ಇಳಿದೆವು. ಮೊದಲ ಮನೆಯಲ್ಲಿ ಹೊಂಬಮ್ಮ ಈ ಸಲ ಕಾಳಗಕ್ಕೆ ಬರಬೇಡಿ ಎಂದೇ ಕೇಳಿದಳು. ಆ ಮನೆಯವರು, ಯುಗಾದಿಯ ದಿನ ಉಣ್ಣಬೇಡಿ ಎಂದರೆ ಹೇಗೆ ನೋಡುತ್ತಾರೋ ಹಾಗೆ ನೋಡಿದರು. ಅವರು ಕೆಟ್ಟವರಲ್ಲ. ಬೆಟ್ಟಯ್ಯ ಅಂದರೆ ಪ್ರಾಣ, ಅವನ ಕಾಳಗಕ್ಕೆ ನಾವೇ ಹೋಗದಿದ್ದರೆ ಅವನಿಗೆ ಎಷ್ಟು ಬೇಜಾರಾಗುತ್ತದೆ ಎಂದರು. ಅಲ್ಲಿಂದ ಮುಂದೆ ಅವಳು ಬರಬೇಡಿ ಎನ್ನುವುದನ್ನು ಬಿಟ್ಟು, ಬನ್ನಿ, ಬಾಯಿ ಮುಚ್ಚಿಕೊಂಡು ಕೂತು ನೋಡಿ ಎಂದು ಕೇಳತೊಡಗಿದಳು. ಇದಕ್ಕೆ ಬೇಗ ಒಪ್ಪಿಗೆ ಸಿಕ್ಕಿತು.

ವೀರಭದ್ರಯ್ಯ ಮಾತ್ರ ಗಾಣದ ಪಕ್ಕದಲ್ಲಿ ಹಿಂಡಿ ತುಂಬುತ್ತಾ ನಕ್ಕ. "ಬಾಯಿ ಮುಚ್ಕೊಂಡು ಕೂರೋದಾದ್ರೆ ಅಷ್ಟು ದೂರ ಯಾಕವ್ವ ಹೋಗ್ಬೇಕು? ನಮ್ಮನೇಲಿ ದಿನಾ ಅದೇ ನನ್ನ ಕೆಲಸ." ಒಳಗಿನಿಂದ ಅವನ ಹೆಂಡತಿ, ಈ ಮನೆಯಲ್ಲಿ ಬಾಯಿ ಮುಚ್ಚಿರುವುದು ಎಣ್ಣೆಡಬ್ಬ ಒಂದೇ ಎಂದಳು. ಹೊಂಬಮ್ಮ ನಗದೆ ನಿಂತಿದ್ದಳು. ಅವಳ ಮುಖ ನೋಡಿ ವೀರಭದ್ರಯ್ಯನ ನಗು ಇಳಿಯಿತು. ಹೆಗಲ ಮೇಲಿನ ಟವಲು ತೆಗೆದು ಬಾಯಿಗೆ ಬಿಗಿಯಾಗಿ ಕಟ್ಟಿ ತೋರಿಸಿ, ತಲೆಯಾಡಿಸಿದ.

ಡಾಕ್ಟರ ಮನೆಯಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಅವರು ಕುರ್ಚಿ ಹಾಕಿ ಕೂರಿಸಿದರು. ಖಂಡಿತ ಬಾಯಿ ತೆರೆಯುವುದಿಲ್ಲ ಎಂದರು. ಹೊಂಬಮ್ಮ ಏಳಲಿಲ್ಲ.

"ಆಡಿದ್ರೆ ಸಾಯ್ತಾನೆ ಅಂತ ಹೇಳಿದ್ದು ನೀವೇ," ಎಂದಳು. "ಎಲ್ರಿಗಿಂತ ಮುಂದ್ಗಡೆ ಕೂರೋದೂ ನೀವೇ."

ಡಾಕ್ಟರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಇನ್ನೊಂದು ಸಲ ಒರೆಸಿದರು. "ನಾನೊಬ್ಬ ಹೋಗದಿದ್ದರೆ ಕಾಳಗ ನಿಲ್ಲುತ್ತಾ ತಾಯಿ?"

"ನೀವೊಬ್ರು ಹೋಗದಿದ್ರೆ ನಿಲ್ಲಲ್ಲ. ಮನೆಮನೇಲೂ ಇದೇ ಮಾತು ಕೇಳ್ಕೊಂಡು ಬಂದಿದೀನಿ," ಎಂದು ಅವಳು ಎದ್ದಳು.

ಉಸ್ತಾದ ರಾಚಪ್ಪನಿಗೆ ಸುದ್ದಿ ಹೋದಾಗ ಅವನು ಬೇಡ ಅನ್ನಲಿಲ್ಲ. ಬಾಯಿ ಮುಚ್ಚಿದರೆ ಮುಚ್ಚಲಿ, ಕಣ್ಣು ತೆರೆದಿದ್ದರೆ ಸಾಕು ಎಂದನಂತೆ.

ಕಾಳಗ ಇದ್ದ ಭಾನುವಾರ ಮಧ್ಯಾಹ್ನ ಉಂಡು ಕಣಕ್ಕೆ ಹೋದೆವು. ನಮ್ಮೂರ ಕಣ ಒಂದು ಹಳೆಯ ಕಲ್ಲುಗಣಿ. ಕಲ್ಲು ಕಡಿದ ಮೆಟ್ಟಿಲುಗಳೇ ಸುತ್ತ ಕೂರುವ ಜಾಗ, ತಳದಲ್ಲಿ ಕೆಮ್ಮಣ್ಣು ಹಾಸಿದ ಅಂಗಳ. ಜನ ಆವತ್ತಿನಷ್ಟು ಯಾವತ್ತೂ ಸೇರಿರಲಿಲ್ಲ. ಬಾಯಿ ಮುಚ್ಚಿ ಕಾಳಗ ನೋಡುವುದು ಹೇಗಿರುತ್ತದೋ ನೋಡೋಣ ಎಂದು ಹಾಸಿಗೆ ಹಿಡಿದವರೂ ಎದ್ದು ಬಂದಿದ್ದರು. ಗಂಡಸರು ಟವಲು ಕಟ್ಟಿಕೊಂಡಿದ್ದರು. ಹೆಂಗಸರು ಸೆರಗು ಕಚ್ಚಿಕೊಂಡಿದ್ದರು. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವನು ಹಲ್ಲಿನ ನಡುವೆ ಒಂದು ನಿಂಬೆಹಣ್ಣು ಕಚ್ಚಿಕೊಂಡು ಕೂತಿದ್ದ, ಅವನ ಗಲ್ಲದ ಮೇಲೆ ರಸ ಇಳಿಯುತ್ತಿತ್ತು. ನಾನು ಎಲೆಯಡಿಕೆ ತುಂಬಿಕೊಂಡು ತುಟಿ ಒತ್ತಿ ಕೂತೆ.

ಹೊಂಬಮ್ಮ ನನ್ನ ಪಕ್ಕದಲ್ಲಿ ನಿಂತಳು. ಪೈಲ್ವಾನರ ಹೆಂಡಿರು ಕಣಕ್ಕೆ ಬರುವುದಿಲ್ಲ. ಮದುವೆಯಾದಾಗಿನಿಂದ ಒಂದು ಕಾಳಗವನ್ನೂ ಅವಳು ನೋಡಿರಲಿಲ್ಲ, ನೋಡಲು ಆವತ್ತೂ ಬಂದಿರಲಿಲ್ಲ. ಕಣಕ್ಕೆ ಬೆನ್ನು ಹಾಕಿ, ಮೆಟ್ಟಿಲ ಮೇಲಿನ ಬಾಯಿಗಳನ್ನು ಕಾಯಲು ನಿಂತಿದ್ದಳು. ಅವಳೊಬ್ಬಳೇ ಬಾಯಿಗೆ ಏನೂ ಕಟ್ಟಿಕೊಂಡಿರಲಿಲ್ಲ. ಗಂಡ ಪೆಟ್ಟು ತಿನ್ನುವುದನ್ನು ನೋಡಿ ಖುಷಿಪಡುವ ಹೆಂಡತಿ ಉಂಟೆ ಎಂದು ಯಾರಿಗೂ ಅದು ತೋಚಲಿಲ್ಲ, ಅವಳಿಗೂ ತೋಚಲಿಲ್ಲ.

ಎದುರಾಳಿ ಗುಡ್ಡದಾಚೆ ಊರಿನ ಕಲ್ಲೇಶಿ. ಎಳೆಯ ಪ್ರಾಯ, ಕಲ್ಲೊಡೆಯುವ ತೋಳು. ಇಬ್ಬರೂ ಮುಷ್ಟಿಗೆ ನೂಲಿನ ಪಟ್ಟಿ ಸುತ್ತಿಕೊಂಡು, ಕಣದ ಮಣ್ಣು ಹಣೆಗೆ ಮುಟ್ಟಿಸಿ ಎದುರಾದರು. ಬೆಟ್ಟಯ್ಯ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದ. ಒಂದು ಹೆಜ್ಜೆ ಎಡಕ್ಕೆ ವಾಲಿದ್ದು ನನಗೆ ಕಂಡಿತು.

ಬೇರೆ ದಿನಗಳಲ್ಲಿ ನಮ್ಮ ಕೂಗಿನಲ್ಲಿ ಎಲ್ಲ ಮುಚ್ಚಿಹೋಗುತ್ತಿತ್ತು. ಆವತ್ತು ಮೌನದಲ್ಲಿ ಎಲ್ಲ ಕೇಳಿಸಿತು. ಪಾದ ಮಣ್ಣಿನಲ್ಲಿ ಉಜ್ಜುವುದು, ಮೂಗಿನ ಉಸಿರು, ಪಕ್ಕೆಗೆ ಗುದ್ದು ಬಿದ್ದಾಗ ಒಳಗಿನಿಂದ ಬರುವ ಹ್ಞ ಎನ್ನುವ ಶಬ್ದ. ಕಲ್ಲೇಶಿಯ ಮೊದಲ ಗುದ್ದು ಬೆಟ್ಟಯ್ಯನ ಎಡಗಿವಿಯ ಮೇಲೆ ಬಿತ್ತು. ಬೇಲದ ಹಣ್ಣು ಕಲ್ಲಿಗೆ ಕುಟ್ಟಿದ ಹಾಗಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಏನೂ ಬಂದಿರಲಿಲ್ಲ. ಬೆಟ್ಟಯ್ಯ ತಲೆ ಕೊಡವಿ, ಮೆಟ್ಟಿಲುಗಳ ಮೇಲೆ ಕಣ್ಣಾಡಿಸಿ ಹುಡುಕಿದ. ಹೊಂಬಮ್ಮ ಆಗ ತಿರುಗಿ ನೋಡಿದಳು. ಅವಳು ಸಿಕ್ಕಿದ ಮೇಲೆ ಅವನು ಗೋಣು ಆಡಿಸಿದ. ಅವಳೂ ಆಡಿಸಿದಳು. ಇನ್ನೂ ಇದೀನಿ, ಇದೀಯ ಎಂದು ಇಬ್ಬರೂ ಹೇಳಿಕೊಂಡ ಹಾಗೆ.

ಎರಡನೆಯದು ಹಣೆಗೆ ಬಿತ್ತು. ಅವನು ಮಂಡಿಯೂರಿದ. ಏಳಲು ಹೊತ್ತು ಹಿಡಿಯಿತು. ಎದ್ದು ಮತ್ತೆ ಹುಡುಕಿದ. ಈ ಸಲ ಕಣ್ಣು ಅವಳ ಮೇಲೆ ಬಂದು, ದಾಟಿಹೋಗಿ, ಮತ್ತೆ ಹಿಂದಕ್ಕೆ ಬಂತು. ಗೋಣು ಆಡಿತು. ಹೊಂಬಮ್ಮನ ಕೈ ನನ್ನ ಹೆಗಲನ್ನು ಹಿಡಿದದ್ದು ಇಕ್ಕಳ ಹಿಡಿದಂತಿತ್ತು. ಆಮೇಲೆ ಅವಳು ಕಣಕ್ಕೆ ಬೆನ್ನು ಹಾಕಲಿಲ್ಲ. ಬಾಯಿ ಕಾಯುವುದನ್ನು ಮರೆತು ಕಾಳಗವನ್ನೇ ನೋಡುತ್ತ ನಿಂತಳು.

ಒಂದು ಮಾತು ಹೇಳಬೇಕು. ಬಾಯಿ ಮುಚ್ಚಿದ್ದರಿಂದ ನಮ್ಮ ಖುಷಿ ಕಡಿಮೆಯಾಗಲಿಲ್ಲ. ಒಪ್ಪತ್ತು ಇದ್ದವರ ಮೂಗಿಗೆ ಒಗ್ಗರಣೆಯ ಘಾಟು ಹೊಡೆದ ಹಾಗೆ ಅದು ಹೆಚ್ಚಾಯಿತು. ಟವಲುಗಳ ಮೇಲೆ ಕಣ್ಣುಗಳು ಹೊಳೆಯುತ್ತಿದ್ದವು. ಡಾಕ್ಟರು ಎರಡೂ ಕೈಯಿಂದ ಬಾಯಿ ಅದುಮಿಕೊಂಡು ಮುಂದಕ್ಕೆ ಬಾಗಿದ್ದರು. ಕಲಾಯಿಯವನ ನಿಂಬೆಹಣ್ಣು ಹಲ್ಲಿಗೆ ಸಿಕ್ಕಿ ಹರಿದಿತ್ತು. ಕಲ್ಲೇಶಿಗೂ ಒಂದು ತಲೆ ಇದೆ, ಅದರೊಳಗೂ ಯಾರೋ ಇರುತ್ತಾರೆ, ಅವನ ಮನೆಯಲ್ಲೂ ಒಬ್ಬಳು ಕಾಯುತ್ತಿರಬಹುದು ಎಂದು ನಮ್ಮ ಯಾರ ಮನಸ್ಸಿಗೂ ಬರಲಿಲ್ಲ. ಮನೆ ಮನೆ ತಿರುಗುವಾಗ ಹೊಂಬಮ್ಮನೂ ಅವನ ಮಾತು ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ಆಮೇಲೆ ಬೆಟ್ಟಯ್ಯ ತೋಳು ಇಳಿಬಿಟ್ಟ. ಸೋತವನ ಹಾಗೆ, ನಿದ್ದೆ ಬಂದವನ ಹಾಗೆ ನಿಂತ. ಕಲ್ಲೇಶಿ ಮುಗಿಸಲು ಒಳಕ್ಕೆ ನುಗ್ಗಿದ. ಬೆಟ್ಟಯ್ಯ ಒಂದೇ ಹಿಮ್ಮಡಿಯ ಮೇಲೆ ಬುಗುರಿ ತಿರುಗಿದಂತೆ ತಿರುಗಿದ. ಗುದ್ದು ಗಾಳಿಗೆ ಹೋಯಿತು. ತಿರುಗಿದ ವೇಗದಲ್ಲೇ ಅವನ ಮುಷ್ಟಿ ಕಲ್ಲೇಶಿಯ ಪಕ್ಕೆಯ ಕೆಳಗೆ ಇಳಿಯಿತು. ತಾಯಿಯ ಮುಖ ಮರೆತಿದ್ದ, ಚೊಂಬಿನ ಹೆಸರು ಮರೆತಿದ್ದ. ಮೈ ಏನನ್ನೂ ಮರೆತಿರಲಿಲ್ಲ. ಅಷ್ಟು ಚೆಂದದ್ದನ್ನು ನಾನು ಆ ಕಣದಲ್ಲಿ ಅದಕ್ಕೆ ಮುಂಚೆ ನೋಡಿಲ್ಲ, ಆಮೇಲೂ ನೋಡಿಲ್ಲ. ಕಲ್ಲೇಶಿ ಬುಡ ಕಡಿದ ಮರದಂತೆ ಬಿದ್ದ, ತಲೆ ನೆಲಕ್ಕೆ ಜೋರಾಗಿ ಬಡಿಯಿತು. ಬೀಳುವಾಗ ಅವನ ಮೊಣಕೈ ಬೀಸಿ ಬಂದು ಬೆಟ್ಟಯ್ಯನ ಕಪಾಲಕ್ಕೆ ತಾಗಿತು.

ನನ್ನ ಪಕ್ಕದಲ್ಲಿ ಹೊಂಬಮ್ಮ ಆಹಾ ಎಂದಳು. ಮೆತ್ತಗೆ ಅಂದಳು, ಹಸುಳೆ ಮೊದಲ ಹೆಜ್ಜೆ ಇಟ್ಟಾಗ ಅನ್ನುವ ಹಾಗೆ. ಗಂಡನ ಕೆಲಸವನ್ನು ಅವಳು ಮೊದಲ ಸಲ ನೋಡಿದ್ದಳು. ಇಷ್ಟು ವರ್ಷ ಊರು ಏನನ್ನು ನೋಡಲು ಓಡುತ್ತಿತ್ತು ಎನ್ನುವುದು ಆ ಒಂದು ಗಳಿಗೆಯಲ್ಲಿ ಅವಳಿಗೆ ಕಂಡಿತ್ತು.

ಮರುಗಳಿಗೆಯೇ ಅವಳು ತನ್ನ ರವಿಕೆಯ ತೋಳು ಮುಟ್ಟಿ ನೋಡಿಕೊಂಡಳು. ಅಲ್ಲಿ ಹರಿದಿದೆಯೋ ಎಂದು ನೋಡುವವಳಂತೆ. ಕೆಳಗೆ ಬೆಟ್ಟಯ್ಯ ಬಿದ್ದವನ ಪಕ್ಕದಲ್ಲಿ ನಿಂತು ಮೆಟ್ಟಿಲುಗಳ ಮೇಲೆ ಕಣ್ಣಾಡಿಸಿದ. ಆ ಕಣ್ಣು ನನ್ನ ಮೇಲೆ ಬಂದು ಗುರುತು ಹಿಡಿಯಿತು. ಪಕ್ಕದಲ್ಲಿದ್ದವಳ ಮೇಲೆ ಹೋಯಿತು, ಕಂಬ ದಾಟುವ ಹಾಗೆ ದಾಟಿಹೋಯಿತು. ಹೊಂಬಮ್ಮ ಗೋಣು ಆಡಿಸುತ್ತಲೇ ಇದ್ದಳು. ಜನ ಟವಲು ಬಿಚ್ಚಿ ಗಾಳಿಯಲ್ಲಿ ಬೀಸುತ್ತಿದ್ದರು, ಒಂದೂ ಉದುರಲಿಲ್ಲ, ಉಳಿಸಿಕೊಟ್ಟೆವು ಎಂದು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಕಲ್ಲೇಶಿಯನ್ನು ಅವನ ಕಡೆಯವರು ಕಂಬಳಿಯಲ್ಲಿ ಎತ್ತಿಕೊಂಡು ಹೋದರು. ಇದು ಯಾವ ಊರು ಎಂದು ಅವನು ಕೇಳುತ್ತಿದ್ದ. ಟವಲು ಬಿಚ್ಚಿದ ಗಳಿಗೆಯಲ್ಲಿ ಅವನದು ಯಾರೊಳಕ್ಕೆ ಹೋಯಿತೋ, ಒಪ್ಪಿಸಲು ಯಾರೂ ಗುಡ್ಡ ಹತ್ತಲಿಲ್ಲ.

ಸಂಜೆ ಬೆಟ್ಟಯ್ಯನನ್ನು ಮನೆಗೆ ಕರೆತಂದಾಗ ಮಗಳನ್ನು ನೋಡಿ ಮಾದೇವಿ ಎಂದ. ಒಳಗಿನಿಂದ ನೀರು ತಂದ ಹೆಂಗಸಿಗೆ ಎದ್ದು ನಿಂತ. ಇವಳು ನಿನ್ನ ಹೆಂಡತಿ ಕಣಪ್ಪ ಎಂದು ನಾನು ಹೇಳಿದೆ. ಅವನು, ಹಿರಿಯರು ನೀವು ಹೇಳಿದ ಮೇಲೆ ಇದ್ದೀತು ಎಂದು ಇಬ್ಬರಿಗೂ ಕೈಮುಗಿದ. ಬಾಗಿಲಲ್ಲಿ ನಿಂತಿದ್ದ ಮಾದೇವಿ ಅಪ್ಪನನ್ನು ನೋಡಿದಳು, ಅವ್ವನನ್ನು ನೋಡಿದಳು, ಯಾರ ಹತ್ತಿರ ಹೋಗಬೇಕೋ ತಿಳಿಯದೆ ನನ್ನ ಸೆರಗು ಹಿಡಿದಳು. ಬೆಟ್ಟಯ್ಯ ಚಾಪೆ ತೆಗೆದುಕೊಂಡು ಜಗಲಿಗೆ ಹೋದ. ಗುರುತಿಲ್ಲದ ಹೆಂಗಸು ಇರುವ ಮನೆಯೊಳಗೆ ಗಂಡಸು ಮಲಗಬಾರದಲ್ಲ, ಆ ಮರ್ಯಾದೆ ಅವನಲ್ಲಿ ಉಳಿದಿತ್ತು.

ಬಂದದ್ದೇನು ಎಂದು ಹೊಂಬಮ್ಮ ನಮ್ಮ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದಳು. ಹೇಳುವಾಗ ಅಳಲಿಲ್ಲ. ಹೇಳಿ ಮುಗಿಸಿ, ಉಸ್ತಾದ ಮುಂದಿನ ಕಾಳಗದ ವೀಳ್ಯ ಯಾವಾಗ ತರುತ್ತಾನೆ ಎಂದು ಕೇಳಿದಳು. ನಾಳೆ ಬೆಳಿಗ್ಗೆಯೇ ತರುತ್ತಾನಂತೆ, ಬೆಟ್ಟಯ್ಯನಿಗೆ ಇನ್ನು ಹಿಂದೆ ಎಳೆಯುವವರು ಯಾರೂ ಇಲ್ಲ, ಒಳ್ಳೆಯ ಕಾಲ ಬಂತು ಎಂದು ಗರಡಿಯಲ್ಲಿ ಹೇಳಿದನಂತೆ ಎಂದು ನಾನು ಕೇಳಿದ್ದನ್ನು ಹೇಳಿದೆ. ಇನ್ನೊಂದು ಕಾಳಗವಾದರೆ ಉದುರಲು ಉಳಿದಿರುವವಳು ಮಾದೇವಿ ಒಬ್ಬಳೇ. ಇಲ್ಲವೇ, ಡಾಕ್ಟರು ಹೇಳಿದ ಹಾಗೆ, ಮನುಷ್ಯನೇ ಹೋಗಬೇಕು.

"ಬೆಲ್ಲ ಐತಾ ದೊಡ್ಡವ್ವ?" ಎಂದು ಕೊನೆಗೆ ಕೇಳಿದಳು. "ನಾನೂ ಒಪ್ಪಿಸಬೇಕಲ್ಲ."

ಸೋಮವಾರ ಬೆಳಿಗ್ಗೆ ನಮ್ಮ ಬಚ್ಚಲಲ್ಲೇ ತಲೆಗೆ ನೀರು ಹಾಕಿಕೊಂಡಳು. ನನ್ನ ಸೀರೆ ಒಂದನ್ನು ಉಟ್ಟಳು. ಬೆಲ್ಲದ ಉಂಡೆ ಹಿಡಿದು ಬೀದಿಯ ಕಡೆಯಿಂದ ಸುತ್ತಿ, ತನ್ನದೇ ಮನೆಯ ಬಾಗಿಲಿಗೆ ಪರಸ್ಥಳದವಳಂತೆ ಹೋದಳು. ನಾನು ಹಿಂದೆ ಹೋದೆ. ಬೀದಿಯ ಆ ತುದಿಯಲ್ಲಿ ಉಸ್ತಾದ ರಾಚಪ್ಪ ತಟ್ಟೆಯ ಮೇಲೆ ಬಟ್ಟೆ ಮುಚ್ಚಿಕೊಂಡು ಬರುತ್ತಿದ್ದುದು ಇಬ್ಬರಿಗೂ ಕಂಡಿತು. ಅವನ ಕಾಲು ನಮ್ಮ ಕಾಲಿಗಿಂತ ಚುರುಕು. ಹೊಂಬಮ್ಮ ಓಡಲಿಲ್ಲ. ಒಪ್ಪಿಸಲು ಹೋಗುವವರು ಓಡಬಾರದು. ಹೆಜ್ಜೆ ಮಾತ್ರ ಉದ್ದ ಮಾಡಿದಳು. ಅವಳು ಹೊಸ್ತಿಲ ಹೊರಗೆ ಕೂತಾಗ ಉಸ್ತಾದ ಅಂಗಳಕ್ಕೆ ಕಾಲಿಟ್ಟಿದ್ದ. ಅವಳ ಕೈಯ ಬೆಲ್ಲ ನೋಡಿ ಅವನಿಗೆ ಅರ್ಥವಾಯಿತು. ಬೆಲ್ಲ ಹಿಡಿದವರು ಕೂತಿರುವಾಗ ಬೇರೆ ಮಾತು ಎತ್ತುವ ಹಾಗಿಲ್ಲ. ತಟ್ಟೆ ಹಿಡಿದುಕೊಂಡು ನಿಂತ.

ಬೆಟ್ಟಯ್ಯ ಬೆಲ್ಲ ತೆಗೆದುಕೊಂಡು ಎದುರು ಕೂತ. ನನ್ನದೇನು ಬಂತು ನಿನಗೆ ಎಂದು ಕೇಳಿದ.

ಹೊಂಬಮ್ಮ ತಲೆ ಎತ್ತಿ ಒಪ್ಪಿಸಿದಳು. ಒಂದು ಸಂತೆ. ಹಗ್ಗ ಮಾರುವವನ ಅಂಗಡಿ. ಒಬ್ಬಳು ಹುಡುಗಿ ಎಮ್ಮೆಗೆ ಹಗ್ಗ ಕೊಳ್ಳಲು ಬಂದಿದ್ದಾಳೆ. ಗಟ್ಟಿಯಿಲ್ಲ ಎನ್ನುತ್ತಾಳೆ, ಅವನು ಗಟ್ಟಿ ಎನ್ನುತ್ತಾನೆ. ಅವಳು ಬೇವಿನ ಕೊಂಬೆಗೆ ಹಗ್ಗ ಹಾಕಿ, ಎರಡೂ ಕಾಲು ಮೇಲಕ್ಕೆತ್ತಿ ಜೋತುಬಿದ್ದು, ನನ್ನನ್ನೇ ತಡೆಯದ್ದು ಎಮ್ಮೆಯನ್ನು ತಡೆಯುತ್ತದಾ ಎನ್ನುತ್ತಾಳೆ. ಹಗ್ಗ ಹರಿಯುವುದಿಲ್ಲ. ರವಿಕೆಯ ತೋಳು ಹರಿಯುತ್ತದೆ, ಅವಳಿಗೆ ಗೊತ್ತಾಗುವುದಿಲ್ಲ. ಸಂತೆಯೆಲ್ಲ ನಗುತ್ತದೆ. ನೀನು ಹಿಂಡಿಮೂಟೆ ಇಳಿಸಿ ನಗುತ್ತೀಯ. ಆಮೇಲೆ ಅವಳು ಯಾವ ಊರ ದಾರಿ ಹಿಡಿಯುತ್ತಾಳೆ ಎಂದು ನೋಡಲು ಮೂಟೆ ಅಲ್ಲೇ ಬಿಟ್ಟು ಹಿಂದೆ ಹಿಂದೆ ಹೋಗುತ್ತೀಯ. ಹಿಂದಿನಿಂದ ಆ ಹರಿದ ತೋಳು ಕಾಣುತ್ತಿರುತ್ತದೆ. ಅಷ್ಟೇ ಬಂದದ್ದು.

ಅವನು ತನ್ನನ್ನು ಮೊದಲು ನೋಡಿದ್ದು ಹೆಣ್ಣು ಕೇಳಲು ಬಂದ ದಿನ ಎಂದು ಅವಳು ಅಲ್ಲಿಯತನಕ ತಿಳಿದಿದ್ದಳು. ಸಂತೆಯ ಮಾತನ್ನು ಅವನು ಯಾವತ್ತೂ ಆಡಿರಲಿಲ್ಲ.

ಬೆಟ್ಟಯ್ಯ ಬೆಲ್ಲ ಬಾಯಲ್ಲಿಟ್ಟುಕೊಂಡು ಕೇಳಿದ. ಮುಗಿದ ಮೇಲೂ ಅವಳನ್ನೇ ನೋಡುತ್ತಿದ್ದ. "ಒಳ್ಳೇ ಹುಡುಗಿ ಇದ್ದಂಗಿದ್ಲು," ಎಂದ. ಅಷ್ಟೇ ಅಂದ.

ಹೊಂಬಮ್ಮ ಕಣ್ಣು ಕೆಳಗೆ ಹಾಕಿದಳು. ಅಂಗಳದಲ್ಲಿ ಉಸ್ತಾದ ಕೆಮ್ಮಿದ. ಒಪ್ಪಿಸಿದವರನ್ನು ಪೈಲ್ವಾನ ಏನು ಬೇಕು ಎಂದು ಕೇಳಬೇಕು, ಕೇಳಿದ್ದನ್ನು ಕೊಡಬೇಕು. ಅದು ಪೈಲ್ವಾನನ ಮನೆಯ ಕಟ್ಟಳೆ. ನಾವೆಲ್ಲ ಮಜ್ಜಿಗೆ ಕೇಳುತ್ತೇವೆ. ಮಜ್ಜಿಗೆ ಬಿಟ್ಟು ಬೇರೆ ಕೇಳಬಹುದು ಎನ್ನುವುದೇ ಯಾರಿಗೂ ಹೊಳೆದಿರಲಿಲ್ಲ. ಬೆಟ್ಟಯ್ಯ ಕೇಳಿದ, ಏನು ಬೇಕು ತಾಯಿ ಎಂದು.

"ನನ್ನ ತವರು ಗುಡ್ಡದಾಚೆ ದೂರದಲ್ಲೈತೆ," ಎಂದಳು ಹೊಂಬಮ್ಮ. "ಒಬ್ಬಳೇ ಹೋಗೋಕಾಗಲ್ಲ. ನೀನು ಜೊತೇಲಿ ಬಂದು ಬಿಡಬೇಕು. ಮಗಳನ್ನೂ ಕರ್ಕೋ, ದಾರೀಲಿ ಹೆಣ್ಣು ಜೊತೆಗಿದ್ದಂಗೆ ಆಯ್ತದೆ."

ಉಸ್ತಾದ ತಟ್ಟೆಯ ಮೇಲಿನ ಬಟ್ಟೆ ತೆಗೆದು ಮುಂದೆ ಬಂದ. ಮೊದಲು ವೀಳ್ಯ ಹಿಡಿ, ಆಮೇಲೆ ಎಲ್ಲಿಗಾದರೂ ಹೋಗು ಎಂದ. ಅವಳು ನಿನ್ನ ಹೆಂಡತಿ ಕಣೋ, ಹೆಂಡತಿ ಮಾತಿಗೆಲ್ಲ ಈ ಕಟ್ಟಳೆ ಇಲ್ಲ ಎಂದ.

ಬೆಟ್ಟಯ್ಯ ತಟ್ಟೆ ನೋಡಿದ. ಹೊಂಬಮ್ಮನನ್ನು ನೋಡಿದ. ಕೈ ಒಂದು ಸಲ ಎಲೆಯ ಕಡೆಗೆ ಹೋದದ್ದನ್ನು ನಾನು ನೋಡಿದೆ. ಅವಳೂ ನೋಡಿದಳು.

"ಹೆಂಡ್ತಿ ಅಂತ ನೀವೆಲ್ಲ ಹೇಳ್ತೀರಿ ಉಸ್ತಾದ್ರೆ, ನಂಗೆ ಗೊತ್ತಿಲ್ಲ," ಎಂದ ಬೆಟ್ಟಯ್ಯ. "ಬೆಲ್ಲ ಕೊಟ್ಟು ಒಪ್ಪಿಸಿದ್ದು ಮಾತ್ರ ನಂಗೆ ಗೊತ್ತು. ಬಿಟ್ಟು ಬಂದು ಹಿಡೀತೀನಿ."

ಉಸ್ತಾದ, ಹೋಗಿ ಬರುವುದು ಎಷ್ಟು ದಿನದ ಮಾತು ಎಂದು ತನಗೇ ಹೇಳಿಕೊಂಡು ಬಟ್ಟೆ ಮುಚ್ಚಿದ. ಹೊಂಬಮ್ಮನ ತವರಿನಲ್ಲಿ ಯಾರೂ ಉಳಿದಿಲ್ಲ, ಆ ಮನೆಯ ಗೋಡೆಯೂ ಬಿದ್ದುಹೋಗಿದೆ ಎನ್ನುವುದು ಅವನಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ನಾನು ಬಾಯಿ ತೆರೆಯಲಿಲ್ಲ. ಅಲ್ಲಿ ಯಾರ ಕೈಗೂ ಒಪ್ಪಿಸುವ ಹಾಗಿಲ್ಲದ ಹೆಂಗಸನ್ನು ದಾರಿಯಲ್ಲಿ ಬಿಟ್ಟು ಬರುವವನಲ್ಲ ಬೆಟ್ಟಯ್ಯ. ಅದನ್ನೂ ಅವಳು ಲೆಕ್ಕ ಹಾಕಿದ್ದಳು ಎಂದು ನಾನು ತಿಳಿದಿದ್ದೇನೆ.

ಊರು ಬಹಳ ದಿನ ಕಾಯಿತು. ಆಮೇಲೆ ಬೇರೆ ಪೈಲ್ವಾನನಿಗೆ ವೀಳ್ಯ ಹೋಯಿತು. ಕಣ ಈಗಲೂ ತುಂಬುತ್ತದೆ. ವೀರಭದ್ರಯ್ಯ ಮದುವೆಮನೆಗಳಲ್ಲಿ ಈಗಲೂ ಕೆರೆ ಈಜುತ್ತಾನೆ. ಆ ಮೂವರು ಎಲ್ಲಿ ನಿಂತರು, ಅವನಿಗೆ ಅವಳು ಕೊನೆಗೆ ಏನಾದಳು ಎನ್ನುವುದನ್ನು ಕಂಡು ಬಂದವರು ಯಾರೂ ಇಲ್ಲ. ಇದ್ದಿದ್ದರೆ ನಾನ್ಯಾಕೆ ಹೇಳದೆ ಇರಲಿ.

ನಾನು ಕಂಡದ್ದು ಹೊರಟದ್ದನ್ನು. ಮಾರನೇ ದಿನ ಬಿಸಿಲು ಏರುವ ಮೊದಲೇ ಹೊರಟರು. ಮುಂದೆ ಹೊಂಬಮ್ಮ, ನಡುವೆ ಮಾದೇವಿ. ಅವರ ಹಿಂದೆ, ಪರರ ಹೆಂಗಸಿನಿಂದ ಗಂಡಸು ಎಷ್ಟು ದೂರ ಇರಬೇಕೋ ಅಷ್ಟು ದೂರದಲ್ಲಿ, ಗಂಟನ್ನು ತಲೆಯ ಮೇಲೆ ಇಟ್ಟುಕೊಳ್ಳದೆ ಹೆಗಲಿಗೆ ಹಾಕಿಕೊಂಡು ಬೆಟ್ಟಯ್ಯ. ಅದು ಮಂಗಳವಾರ. ಮಂಗಳವಾರ ಹೊರಟವರು ತಿರುಗಿ ಬರುವುದಿಲ್ಲವೆಂದು ನಮ್ಮೂರಲ್ಲಿ ಆ ದಿನ ಯಾರೂ ಊರು ಬಿಡುವುದಿಲ್ಲ.